ಪದ ಬೇಕಿದೆ: ಜೀನ್ ‘ಇನ್ಸರ್ಟ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಪೆರ್ಲದ ಹತ್ತಿರ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಭಾನುವಾರ ನಮ್ಮೂರಿನ ವಾಚನಾಲಯದಲ್ಲಿ ಹಿಮೋಫಿಲಿಯಾ, ಥಲಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರ ಸಭೆ ಉಂಟು. ಬಾಗಿಲಲ್ಲಿ ಕಟ್ಟುವ ಫ್ಲೆಕ್ಸಿಗೂ ಎರಡು ಪುಟದ ಕರಪತ್ರಕ್ಕೂ ಕನ್ನಡ ಮಾಡುವ ಕೆಲಸ ನನ್ನದು. ಮಲಯಾಳದ್ದು ಆಗಲೇ ಮುದ್ರಣಕ್ಕೆ ಹೋಗಿದೆ. ನಾಳೆ ಸಂಜೆ ನಾಲ್ಕರೊಳಗೆ ಫ್ಲೆಕ್ಸಿನ ಕನ್ನಡ ಕೊಡಬೇಕು.

ಒಂದು ಸಾಲಿನಲ್ಲಿ ಸಿಕ್ಕಿಬಿದ್ದಿದ್ದೇನೆ. ವೈರಸ್ ಬಳಸದೆ ಇಡೀ ಒಂದು ಜೀನನ್ನು ಜೀವಕೋಶದೊಳಗೆ ಕೊಂಡುಹೋಗಿ, ಡಿಎನ್‌ಎಯಲ್ಲಿ ಇಂಥದ್ದೇ ಜಾಗದಲ್ಲಿ ‘ಇನ್ಸರ್ಟ್’ ಮಾಡುವ ಹೊಸ ವಿಧಾನಗಳ ಬಗ್ಗೆ ಒಬ್ಬರು ಮಾತಾಡಲಿದ್ದಾರೆ. ಡಿಎನ್‌ಎಯ ಒಂದೆರಡು ಅಕ್ಷರ ತಪ್ಪಾದರೆ ‘ತಿದ್ದುವುದು’ ಅನ್ನಬಹುದು. ಡಿಎನ್‌ಎ ಕತ್ತರಿಸಿ ತಿದ್ದುವ ಕ್ರಿಸ್ಪರ್ ಬಂದ ಮೇಲೆ ಆ ಮಾತು ಎಲ್ಲರ ಬಾಯಲ್ಲೂ ಉಂಟು. ಆದರೆ ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರಿನ ಜೀನಿನಲ್ಲಿ ದೊಡ್ಡ ತುಂಡೇ ತಿರುಗುಮುರುಗಾಗಿ ಕೂತಿದೆ. ಒಂದೆರಡು ಅಕ್ಷರ ತಿದ್ದಿದರೆ ಸಾಲದು. ಸರಿಯಾದ ಜೀನನ್ನೇ ತಂದು ಇಡಬೇಕು. ಆ ಇಡುವುದಕ್ಕೆ ಏನನ್ನೋಣ? ಅಳವಡಿಕೆ, ಸೇರ್ಪಡೆ, ಪ್ರವೇಶ, ಎಲ್ಲ ಬರೆದು ಹೊಡೆದುಹಾಕಿದೆ.

ಇನ್ನೊಂದು, ‘ನಾನ್ ವೈರಲ್’. ‘ವೈರಸ್ ರಹಿತ ಚಿಕಿತ್ಸೆ’ ಅಂತ ಬರೆದು ಅಕ್ಕನಿಗೆ ತೋರಿಸಿದೆ. ಅವಳ ಮಗನಿಗೆ ಹನ್ನೊಂದು ವರ್ಷ, ಹಿಮೋಫಿಲಿಯಾ. ಮೊಣಕಾಲು ಊದಿ, ಟವೆಲಿನಲ್ಲಿ ಐಸ್ ಸುತ್ತಿ ಒತ್ತಿ ಹಿಡಿದುಕೊಂಡೇ ಕಾಗದ ಓದಿದಳು. ‘ಹಾಗಾದರೆ ಈಗ ಇವನಿಗೆ ಕೊಡುವ ಫ್ಯಾಕ್ಟರ್ ಇಂಜೆಕ್ಷನ್ನಿನಲ್ಲಿ ವೈರಸ್ ಉಂಟಾ?’ ಅಂತ ಕೇಳಿದಳು. ನಿಪಾ, ಕೊರೊನಾ ಎರಡನ್ನೂ ಕಂಡ ಊರಿನವರಿಗೆ ಬೇರೆ ಹೇಗೆ ಕೇಳಿಸಬೇಕು?

ಮೂರನೆಯದು ‘ವೆಕ್ಟರ್’, ಅಂದರೆ ಜೀನನ್ನು ಕೋಶದೊಳಗೆ ಹೊತ್ತೊಯ್ಯುವ ವೈರಸ್ಸಿನಂಥದ್ದು. ವಾಹಕ ಅನ್ನುತ್ತಾರೆ. ಅದೇ ಕರಪತ್ರದಲ್ಲಿ ಮಗುವಿನ ತಾಯಿಯನ್ನೂ ‘ವಾಹಕಿ’ ಅಂದಿದೆ. ಒಂದೇ ಪುಟದಲ್ಲಿ ರೋಗ ಹರಡುವ ಸೊಳ್ಳೆ, ವೈರಸ್, ತಾಯಿ ಮೂವರಿಗೂ ಒಂದೇ ಹೆಸರು ಬೇಡ.

ದಯವಿಟ್ಟು ಬೇಗ ಹೇಳಿ.

ಪೆರ್ಲದಿಂದ

~

ಮಾಷ್ಟ್ರೇ, ಮೊದಲು ಜೀನ್ ಬಿಡಿ. ವಂಶವಾಹಿಯೂ ಬೇಡ, ಅದು ಪೂರ್ತಿ ಸಂಸ್ಕೃತ. ಪೀಳಿಗೆಯಿಂದ ‘ಪೀಳಿ’ ಮಾಡಿಕೊಳ್ಳಿ. ವೈರಸ್ಸಿಗೆ ‘ನಂಜುಳ’. ನಿಮಗೆ ಬೇಕಾದದ್ದು ‘ನಂಜುಳವಿಲ್ಲದ ಪೀಳಿ ಸೇರಿಕೆ’. ಕನ್ನಡದ್ದೇ ಬೇರು, ಕನ್ನಡದ್ದೇ ಒಟ್ಟು. ಇನ್ನು ಚರ್ಚೆ ಯಾಕೆ?

ನೀರ್ಚಾಲಿನಿಂದ

~

ನಂಜುಳ ಅಂತ ಯಾರ ಮನೆಯಲ್ಲಿ ಹೇಳುತ್ತಾರೆ? ಒಂದು ಮನೆ ತೋರಿಸಿ, ಸಾಕು.

ಬುಡದಿಂದ ನೋಡೋಣ. ‘ವೈರಾಣು’ ಅನ್ನುವುದು ತಪ್ಪು ಪದ. ವೈರಸ್ ಅನ್ನುವ ಲ್ಯಾಟಿನ್ ಮಾತಿಗೆ ವಿಷ ಅಂತ ಅರ್ಥ. ನಮ್ಮ ‘ವಿಷ’ವೂ ಅದೂ ಒಂದೇ ಬೇರಿನಿಂದ ಬಂದವು. ದ್ವೇಷ ಅನ್ನುವ ವೈರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಯಾರೋ ಸದ್ದು ಹೊಂದುತ್ತದೆ ಅಂತ ಪದ ಕಟ್ಟಿದರು, ಎಲ್ಲರೂ ಹಿಂದೆ ಹೋದರು. ಸರಿಯಾದದ್ದು ‘ವಿಷಾಣು’. ಹಿಂದಿಯಲ್ಲಿ, ಮರಾಠಿಯಲ್ಲಿ ಅದನ್ನೇ ಇಟ್ಟುಕೊಂಡಿದ್ದಾರೆ. ನಿಮ್ಮ ಫ್ಲೆಕ್ಸಿಗೆ ‘ನಿರ್ವಿಷಾಣು ವಿಧಾನ’ ಅಂತ ಬರೆಯಿರಿ. ಜನ ಓದಿ ಓದಿ ಕಲಿಯುತ್ತಾರೆ.

ಉಪ್ಪಳದಿಂದ

~

ನಮ್ಮ ಕಡೆ ಆಸ್ಪತ್ರಿ ಗೋಡೆ ಮ್ಯಾಲ ಮರಾಠಿಯೊಳಗ ವಿಷಾಣೂ, ಜನುಕ ಅಂತ ಬರದಿರತಾರ. ಜನ ಮಾತಾಡೂದು ವೈರಸ್, ಜೀನ್ ಅಂತನ. ಕನ್ನಡದವ್ರೂ ಹಂಗ, ಮರಾಠಿಯವ್ರೂ ಹಂಗ. ಇಷ್ಟ ಹೇಳೂದಿತ್ತು.

ಅಕ್ಕಲಕೋಟೆಯಿಂದ

~

ಉಪ್ಪಳದ ಹಿರಿಯರಿಗೆ: ವ್ಯುತ್ಪತ್ತಿ ಒಪ್ಪಿದೆ. ಆದರೆ ಎಣ್ಮಕಜೆ ಪಂಚಾಯತಿನಲ್ಲಿ, ಅಂಗವಿಕಲ ಮಕ್ಕಳ ತಾಯಂದಿರು ಬರುವ ಸಭೆಯ ಬಾಗಿಲಲ್ಲಿ ‘ವಿಷ’ ಅನ್ನುವ ಮಾತನ್ನು ನಾನು ಕಟ್ಟಲಾರೆ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಇದು. ಇಲ್ಲಿ ವಿಷ ಅಂದರೆ ಒಂದೇ ಅರ್ಥ.

ನೀರ್ಚಾಲಿನ ಅಣ್ಣನಿಗೆ: ಪೀಳಿ ಅನ್ನುವಲ್ಲಿ ಪೀಳಿಗೆ ಕೇಳಿಸುತ್ತದೆ, ವಂಶವಾಹಿ ಅನ್ನುವಲ್ಲಿ ವಂಶ ಕೇಳಿಸುತ್ತದೆ. ನನಗೆ ಎರಡೂ ಬೇಡ. ಕಾರಣ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಚೇರಿಯಿಂದ ಕನ್ನಡ ಕರಪತ್ರ ಬಂದಿತ್ತು. ಮಲಯಾಳದ ಪಾರಂಪರ್ಯ ರೋಗವನ್ನು ಹಾಗೇ ಕನ್ನಡ ಅಕ್ಷರದಲ್ಲಿ ಇಳಿಸಿದ್ದರು. ಅಕ್ಕನ ಅತ್ತೆ ಅದನ್ನು ಗಟ್ಟಿಯಾಗಿ ಓದಿ, ‘ನಮ್ಮ ಪರಂಪರೆಯಲ್ಲಿ ಇಂಥದ್ದು ಯಾರಿಗೂ ಇಲ್ಲ, ಇದು ನಿಮ್ಮ ಕಡೆಯಿಂದ ಬಂದದ್ದು’ ಅಂದರು. ಅಕ್ಕ ಆ ದಿನ ಊಟ ಮಾಡಲಿಲ್ಲ. ಹಿಮೋಫಿಲಿಯಾದಲ್ಲಿ ಮೂರರಲ್ಲಿ ಒಂದು ಪಾಲು ಹಿಂದೆ ಯಾರಿಗೂ ಇಲ್ಲದ ಮನೆಯಲ್ಲೇ ಹೊಸದಾಗಿ ಕಾಣಿಸಿಕೊಳ್ಳುವುದು. ಅದನ್ನು ಆ ಪದ ಮುಚ್ಚಿಹಾಕಿತು. ಜೀನ್ ಅಂದರೆ ಯಾರ ಮನೆತನಕ್ಕೂ ಬೆರಳು ತೋರಿಸಿದ ಹಾಗೆ ಆಗುವುದಿಲ್ಲ. ಹಾಗಾಗಿ ಜೀನ್ ಇರಲಿ.

‘ಇನ್ಸರ್ಟ್’ ಮಾತ್ರ ಹೇಳಿ.

ಪೆರ್ಲದಿಂದ

~

ಇಷ್ಟು ತಲೆಬಿಸಿ ಯಾಕೆ ಮಾರಾಯ್ರೇ, ‘ಕಸಿ’ ಉಂಟಲ್ಲ! ನಾವು ಹಿಪ್ಪಲಿ ಬುಡಕ್ಕೆ ಕರಿಮೆಣಸಿನ ಬಳ್ಳಿ ಕಸಿ ಕಟ್ಟುತ್ತೇವೆ. ಗಿಡದ ಬುಡವನ್ನು ಸೀಳಿ, ಕುಡಿಯನ್ನು ಚೂಪು ಮಾಡಿ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ನೆರಳಲ್ಲಿಡುವುದು. ಸೊರಗು ರೋಗ ತಡೆಯದ ಬೇರಿನ ಬದಲು ತಡೆಯುವ ಬೇರು ಸಿಗುತ್ತದೆ. ಕುಡಿ ಕರಿಮೆಣಸೇ. ಅದರ ಬೀಜಕ್ಕೆ ಹಿಪ್ಪಲಿಯ ಗುಣ ಹೋಗುವುದಿಲ್ಲ. ನಿಮ್ಮ ಚಿಕಿತ್ಸೆಯೂ ಆ ಮಗುವಿನ ದೇಹಕ್ಕೆ ಮಾತ್ರ, ಅವನ ಮಕ್ಕಳಿಗೆ ಹೋಗುವುದಿಲ್ಲ ಅಲ್ವಾ? ಹಾಗಾದರೆ ‘ಜೀನ್ ಕಸಿ’. ನಮ್ಮ ತಾಲೂಕಿನಲ್ಲಿ ಇದು ಅರ್ಥವಾಗದ ಮನೆ ಇಲ್ಲ.

ಮುಳ್ಳೇರಿಯದಿಂದ

~

ನಾನು ಮಂಜೇಶ್ವರದವಳು. ಮಂಗಳೂರಿನಲ್ಲಿ ಲ್ಯಾಬಿನಲ್ಲಿ ಕೆಲಸ. ಕಸಿ ಚಂದದ ಪದ, ಆದರೆ ಈ ಫ್ಲೆಕ್ಸಿಗೆ ಬೇಡ. ಥಲಸೀಮಿಯಾ ಮಕ್ಕಳ ಅಮ್ಮಂದಿರಿಗೆ ಕಸಿ ಅಂದರೆ ಅಸ್ಥಿಮಜ್ಜೆ ಕಸಿ. ‘ಯಾರದ್ದು ಹೊಂದುತ್ತದೆ, ತಮ್ಮನದ್ದಾ ತಂಗಿಯದ್ದಾ’ ಅಂತಲೇ ಅವರು ಮೊದಲು ಕೇಳುವುದು. ಇಲ್ಲಿ ಕೊಡುವವರು ಯಾರೂ ಇಲ್ಲ.

ಮಾಷ್ಟ್ರೇ, ‘ಸೇರಿಸು’ ಮತ್ತು ‘ಕೂರಿಸು’ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ನಿಜವಾಗಿಯೂ ಅವು ಎರಡು ಕೆಲಸ. ಎಎವಿ ಅನ್ನುವ ವೈರಸ್ ಜೀನನ್ನು ಹೊತ್ತು ತಂದಾಗ ಅದು ಹೆಚ್ಚಾಗಿ ನಮ್ಮ ಡಿಎನ್‌ಎಗೆ ಅಂಟುವುದಿಲ್ಲ, ಕೋಶದೊಳಗೆ ಬಿಡಿಯಾಗಿ ಇರುತ್ತದೆ. ಮಗುವಿನ ಲಿವರ್ ಬೆಳೆದ ಹಾಗೆ ಕೋಶಗಳು ಒಡೆದು ಹೆಚ್ಚಾಗುತ್ತವೆ, ಆ ಬಿಡಿ ಜೀನ್ ತೆಳುವಾಗುತ್ತಾ ಹೋಗುತ್ತದೆ. ಅದು ಸೇರಿಸಿದ್ದು. ಡಿಎನ್‌ಎಯ ಸಾಲಿನೊಳಗೇ ಜಾಗ ಮಾಡಿ ಇಟ್ಟರೆ, ಕೋಶ ಒಡೆದಾಗಲೆಲ್ಲ ಅದರ ಪ್ರತಿಯೂ ಆಗುತ್ತದೆ. ಅದು ಕೂರಿಸಿದ್ದು. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಆಚಾರಿ ದಾರಂದ ಕೂರಿಸುತ್ತಾನೆ. ಜಾಗ ಬೇಕು, ಅಳತೆ ಬೇಕು, ಅಲುಗಾಡಬಾರದು.

ಲೆಂಟಿವೈರಸ್ ಅನ್ನುವ ಇನ್ನೊಂದು ಬಗೆಯ ವೈರಸ್ಸೂ ಕೂರಿಸುತ್ತದೆ. ಆದರೆ ಎಲ್ಲಿ ಅನ್ನುವುದು ನಮ್ಮ ಕೈಯಲ್ಲಿಲ್ಲ. ವೆಲ್ಲೂರಿನಲ್ಲಿ ಹಿಮೋಫಿಲಿಯಾ ಎ ಇದ್ದ 5 ಮಂದಿಗೆ ಕೊಟ್ಟು 2024ರಲ್ಲಿ ಪ್ರಕಟಿಸಿದ ಚಿಕಿತ್ಸೆ ಈ ದಾರಿಯದ್ದು. ಅವರ ಕೋಶಗಳನ್ನೇ ತೆಗೆದು ಹೊರಗೆ ಜೀನ್ ಇಟ್ಟು ಹಿಂದೆ ಕೊಟ್ಟರು, ಅದು ಕೆಲಸ ಮಾಡಿತು. ಅದಕ್ಕೂ ಹಿಂದೆ, 2000ದ ಆಚೀಚೆ, ಫ್ರಾನ್ಸಿನಲ್ಲಿ ಹಳೆಯ ಬಗೆಯ ರೆಟ್ರೋವೈರಸ್ ಬಳಸಿದಾಗ ಜೀನ್ ಹೋಗಿ ಬೇಡದ ಕಡೆ ಕೂತು ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂತು. ಜಾಗದ ಪ್ರಶ್ನೆ ಅಷ್ಟು ದೊಡ್ಡದು. ಇನ್ನೊಂದು, ಹಿಡಿಯುವಷ್ಟೇ ಹಿಡಿಯುತ್ತದೆ. ಎಎವಿಯೊಳಗೆ ಸುಮಾರು 4,700 ಅಕ್ಷರ ಮಾತ್ರ ಹೋಗುತ್ತದೆ. ಸ್ನಾಯು ಸೊರಗುವ ಡುಷೆನ್ ಕಾಯಿಲೆಗೆ ಬೇಕಾದ ಡಿಸ್ಟ್ರೋಫಿನ್ ಪಾಠ 11,000 ಅಕ್ಷರ. ಮತ್ತೆ ಒಮ್ಮೆ ಎಎವಿ ಕೊಟ್ಟರೆ ದೇಹ ಅದರ ಗುರುತು ಇಟ್ಟುಕೊಳ್ಳುತ್ತದೆ, ಎರಡನೇ ಸಲ ಒಳಗೆ ಬಿಡುವುದಿಲ್ಲ.

ಅದಕ್ಕೇ ಹೊಸ ದಾರಿಗಳ ಹುಡುಕಾಟ. 2022ರಲ್ಲಿ ಅಮೆರಿಕದ ಎಂಐಟಿಯವರು ಪೇಸ್ಟ್ ಅನ್ನುವ ವಿಧಾನದಲ್ಲಿ 36,000 ಅಕ್ಷರದವರೆಗೂ ಕೂರಿಸಿ ತೋರಿಸಿದರು. ಡಿಎನ್‌ಎಯ ಎರಡೂ ಎಳೆ ಕತ್ತರಿಸುವುದಿಲ್ಲ, ಒಂದು ಎಳೆಗೆ ಗೀರು ಹಾಕಿ ಮೊದಲು ಗುರುತು ಬರೆಯುತ್ತಾರೆ, ಆ ಗುರುತಿನಲ್ಲಿ ಜೀನ್ ಕೂರುತ್ತದೆ. 2025ರಲ್ಲಿ ಬ್ಯಾಕ್ಟೀರಿಯಾದ ನೆಗೆಯುವ ಜೀನ್‌ಗಳನ್ನು ಮನುಷ್ಯನ ಕೋಶಕ್ಕೆ ಪಳಗಿಸಿದ ಇನ್ನೊಂದು ಕೆಲಸ ಬಂತು. ಸಾಮಾನು ಒಳಗೆ ಹೋಗಬೇಕಾದದ್ದು ಕೊಬ್ಬಿನ ಸಣ್ಣ ಹನಿಗಳಲ್ಲಿ, ಫೈಜರ್ ಲಸಿಕೆಯಲ್ಲಿದ್ದ ಹಾಗೆ. ನಮ್ಮ ಕಡೆ ಜಾಸ್ತಿ ಕೊಟ್ಟ ಕೋವಿಶೀಲ್ಡಿನಲ್ಲಿ ಹೊರುವ ಕೆಲಸ ವೈರಸ್ಸಿನದ್ದೇ ಆಗಿತ್ತು, ಗೊತ್ತಿರಲಿ.

ಒಂದು ಎಚ್ಚರ. ‘ವೈರಸ್ ಇಲ್ಲದ’ ಅಂತ ಬರೆಯಬೇಡಿ. ಪೇಸ್ಟ್‌ನಲ್ಲಿ ಬಳಸುವ ಒಂದು ಪ್ರೋಟೀನ್ ಇಲಿಯ ವೈರಸ್ಸಿನಿಂದ ತೆಗೆದದ್ದು, ಇನ್ನೊಂದು ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸಿನಿಂದ. ಇಲ್ಲದಿರುವುದು ಹೊರುವ ವೈರಸ್ ಮಾತ್ರ.

ಮಂಜೇಶ್ವರದಿಂದ

~

ಲ್ಯಾಬಿನ ತಂಗಿಯ ವಿವರಣೆ ಚೆನ್ನಾಗಿದೆ. ಆದರೆ ‘ಕೂರಿಸು’ ಶಿಷ್ಟ ರೂಪವಲ್ಲ. ‘ಕುಳ್ಳಿರಿಸು’ ಬರೆಯಬೇಕು. ಹಳಗನ್ನಡದಲ್ಲಿ ಕೂರ್ ಅಂದರೆ ಪ್ರೀತಿಸು, ಕೂರ್ಮೆ ಅಂದರೆ ಪ್ರೀತಿ. ಕೂತುಕೊಳ್ಳುವುದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ‘ಜೀನನ್ನು ಕುಳ್ಳಿರಿಸುವ ವಿಧಾನ’. ತಪ್ಪು ರೂಪವನ್ನು ಫ್ಲೆಕ್ಸಿಗೆ ಹಾಕಿಸಿದರೆ ಶಾಲೆಯ ಮಕ್ಕಳೂ ಅದನ್ನೇ ಬರೆಯುತ್ತಾರೆ.

ಉಪ್ಪಳದಿಂದ

~

ಹರಳನ್ನು ಯಾರೂ ಕುಳ್ಳಿರಿಸುವುದಿಲ್ಲ. ಕೂರಿಸುತ್ತಾರೆ. ಅಜ್ಜಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸುತ್ತಾರೆ.

ಬದಿಯಡ್ಕದಿಂದ

~

ಬದಿಯಡ್ಕದವರು ಹೇಳಿದ್ದು ಸರಿ. ಆದರೆ ಜೀನ್, ವೈರಸ್ ಎರಡನ್ನೂ ಇಷ್ಟು ಸುಲಭವಾಗಿ ಬಿಟ್ಟುಕೊಟ್ಟಿರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಇಂಗ್ಲಿಷಿನದು ಬಂದರೆ ಬಾಗಿಲು ತೆರೆಯುತ್ತೀರಿ, ಮಲಯಾಳದ್ದು ಬಂದರೆ ಮಾತ್ರ ಕೂಗಾಡುತ್ತೀರಿ. ಎರಡೂ ಹೊರಗಿನದೇ.

ನೀರ್ಚಾಲಿನಿಂದ

~

ಎರಡೂ ಒಂದೇ ಅಲ್ಲ. ಜೀನ್ ಬಂದದ್ದು ನಮ್ಮಲ್ಲಿಲ್ಲದ ವಸ್ತುವಿನ ಜೊತೆಗೆ. ಅದು ಬೇರೆ ಯಾವ ಕನ್ನಡ ಪದವನ್ನೂ ಹೊರಗೆ ಹಾಕಲಿಲ್ಲ. ಮಲಯಾಳದಿಂದ ಇಲ್ಲಿನ ಫಾರಂಗಳಿಗೆ ಬಂದ ‘ಅಪೇಕ್ಷೆ’ ನೋಡಿ. ನಮ್ಮ ಬಾಯಲ್ಲಿ ಅಪೇಕ್ಷೆ ಅಂದರೆ ಆಸೆ. ಇಲ್ಲಿ ಅದು ಅರ್ಜಿಯ ಜಾಗದಲ್ಲಿ ಕೂತಿದೆ. ನಮ್ಮದೇ ಪದದ ಅರ್ಥ ಬದಲಾಗಿ ನಮಗೇ ಹಿಂದೆ ಬರುತ್ತದೆ, ಓದಿದವನಿಗೆ ತಪ್ಪು ಅಂತ ಗೊತ್ತೂ ಆಗುವುದಿಲ್ಲ. ಪಾರಂಪರ್ಯವೂ ಹಾಗೇ. ಗಡಿಯಲ್ಲಿರುವವರಿಗೆ ಹೆದರಿಕೆ ಆಗಬೇಕಾದದ್ದು ಇಂಥದ್ದರಿಂದ, ಗುರುತು ಹಿಡಿಯಬಹುದಾದ ಹೊರಗಿನ ಪದದಿಂದ ಅಲ್ಲ. ನಂಜುಳ ಬರೆದರೆ ಕನ್ನಡ ಓದುವ ತಾಯಿ ಪಕ್ಕದ ಮಲಯಾಳ ಫ್ಲೆಕ್ಸ್ ಓದಿ ಅರ್ಥ ಮಾಡಿಕೊಳ್ಳುತ್ತಾಳೆ. ಅಲ್ಲಿಗೆ ಕನ್ನಡ ಫ್ಲೆಕ್ಸ್ ಯಾಕೆ ಅಂತ ಮುಂದಿನ ವರ್ಷ ಕೇಳುತ್ತಾರೆ.

ಬದಿಯಡ್ಕದಿಂದ

~

ಎಲ್ಲರಿಗೂ ಉಪಕಾರವಾಯಿತು. ಮೂರೂವರೆಗೆ ಫ್ಲೆಕ್ಸಿನದ್ದು ಕಳಿಸಿದೆ. ಹೀಗೆ:

‘ಜೀನ್‌ನ ತಪ್ಪಿನಿಂದ ಬರುವ ಕಾಯಿಲೆಗಳು: ವೈರಸ್ಸಿನ ಮೇಲೆ ಹೊರಿಸದೆ, ಸರಿಯಾದ ಜೀನನ್ನು ಸರಿಯಾದ ಜಾಗದಲ್ಲಿ ಕೂರಿಸುವ ಹೊಸ ದಾರಿಗಳು. ಈಗ ಪ್ರಯೋಗಾಲಯದಲ್ಲಿವೆ. ಆಸ್ಪತ್ರೆಯಲ್ಲಿ ಇನ್ನೂ ಸಿಗುವುದಿಲ್ಲ.’

ಕೊನೆಯ ಎರಡು ವಾಕ್ಯ ಮಲಯಾಳದಲ್ಲಿ ಇರಲಿಲ್ಲ. ನಾನು ಹಾಕಿಸಿದೆ. ಅದೇ ಅಳತೆಯ ಅಕ್ಷರದಲ್ಲಿ ಇರಲಿ, ಕೆಳಗೆ ಸಣ್ಣದಾಗಿ ಬೇಡ ಅಂತ ಪ್ರೆಸ್ಸಿನವರಿಗೆ ಎರಡು ಸಲ ಹೇಳಿದೆ. ‘ವಿಧಾನಕ್ಕೆ ಒಂದು ನಾಮಪದ ಬೇಡವಾ’ ಅಂತ ಒಬ್ಬರು ಖಾಸಗಿಯಾಗಿ ಬರೆದಿದ್ದರು. ಬೇಡ. ‘ಕೂರಿಸುವಿಕೆ’ ಅಂದ ಕೂಡಲೇ ಅದು ಕಚೇರಿಯ ಕಾಗದ ಆಗುತ್ತದೆ. ಕನ್ನಡಕ್ಕೆ ಕ್ರಿಯಾಪದವೇ ಸಾಕು.

ತಾಯಿಗೆ ‘ವಾಹಕಿ’ ಬದಲು ಏನು ಅನ್ನುವುದು ಹಾಗೇ ಉಳಿಯಿತು. ಸದ್ಯಕ್ಕೆ ‘ತಪ್ಪಿರುವ ಜೀನ್ ಇದ್ದರೂ ಕಾಯಿಲೆ ಇಲ್ಲದ ತಾಯಿ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಒಂದೇ ಪುಟದಲ್ಲಿ ಆರು ಸಲ ಬರುತ್ತದೆ. ಕರಪತ್ರವನ್ನು ಶನಿವಾರ ರಾತ್ರಿ ಜೆರಾಕ್ಸ್ ಮಾಡಿಸುವುದು. ಅಷ್ಟರೊಳಗೆ ಯಾರಿಗಾದರೂ ಹೊಳೆದರೆ ಹೇಳಿ.

ಪೆರ್ಲದಿಂದ