ತೂಕದ ಚುಚ್ಚುಮದ್ದಿನ ಪ್ರಮಾಣ ಏರಿಸಿದ ಮೇಲೆ ಬಿಪಿ ಕುಸಿಯುತ್ತಿದೆ, ಎದ್ದು ನಿಂತರೆ ಕಣ್ಣು ಕತ್ತಲೆ: ಕಾರಣವೇನು?

ಹೇಮಾವತಿ ತೀರ:
ತೂಕ ಇಳಿಸಲು ಮೌಂಜಾರೊ ಚುಚ್ಚಿಕೊಳ್ಳುತ್ತಿದ್ದೇನೆ. ಪ್ರಮಾಣವನ್ನು 5ರಿಂದ 7.5 ಮಿಲಿಗ್ರಾಂಗೆ ಏರಿಸಿದ ಮೇಲೆ ಬೆಳಗಿನ ಬಿಪಿ 100/64ರ ಆಸುಪಾಸಿಗೆ ಬಂದು ನಿಂತಿದೆ. ಮೊದಲು ಮೇಲಿನ ಅಂಕಿ 130ಕ್ಕಿಂತ ಕೆಳಗಿಳಿಯುವುದೇ ಅಪರೂಪವಾಗಿತ್ತು. ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ದೇವರಿಗೆ ನಮಸ್ಕರಿಸಿ ಮೇಲೆದ್ದರೆ ಗೋಡೆ ಹಿಡಿದುಕೊಳ್ಳಬೇಕಾಗುತ್ತದೆ. ಚುಚ್ಚುಮದ್ದು ಬರೆದುಕೊಟ್ಟ ಕ್ಲಿನಿಕ್ಕಿಗೆ ಕರೆ ಮಾಡಿದರೆ ಮುಂದಿನ ಭೇಟಿಯಲ್ಲಿ ನೋಡೋಣ ಎನ್ನುತ್ತಾರೆ. ಇಷ್ಟು ಹಣ ಸುರಿದು ತೂಕ ಇಳಿಸಿದ ಮೇಲೆ ಔಷಧವನ್ನೇ ಬಿಡಬೇಕೆ? ಯಂತ್ರ ಸರಿಯಾಗಿಯೇ ಇದೆ. ದಯವಿಟ್ಟು ತಿಳಿದವರು ಹೇಳಿ.

ಮಾಪನಪ್ರಿಯ:
ಯಂತ್ರ ಸರಿಯಿರಬಹುದು, ತೋಳಿಗೆ ಸುತ್ತುವ ಪಟ್ಟಿ ಸರಿಯಿದೆಯೇ? ತೂಕ ಹೆಚ್ಚಿದ್ದಾಗ ದೊಡ್ಡ ಪಟ್ಟಿ ಕೊಂಡವರು ತೋಳು ತೆಳ್ಳಗಾದ ಮೇಲೂ ಅದನ್ನೇ ಸುತ್ತುತ್ತಾರೆ. ಪಟ್ಟಿ ತೋಳಿಗಿಂತ ದೊಡ್ಡದಾದರೆ ಅಂಕಿ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ, ಚಿಕ್ಕದಾದರೆ ಹೆಚ್ಚು ಬರುತ್ತದೆ. ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಮೊದಲು ತೋಳನ್ನು ಅಳೆಯಿರಿ.

ಪಡಸಾಲೆ:
ನಾನು ಮಣಿಕಟ್ಟಿನ ಯಂತ್ರ ಬಳಸುತ್ತೇನೆ, ಅದರಲ್ಲಿ ಈ ಪಟ್ಟಿಯ ತಾಪತ್ರಯವೇ ಇಲ್ಲ. ಪ್ರಯಾಣಕ್ಕೂ ಅನುಕೂಲ.

ಮಾಪನಪ್ರಿಯ:
ಮಣಿಕಟ್ಟನ್ನು ಎದೆಯ ಮಟ್ಟದಲ್ಲಿ ಹಿಡಿಯದಿದ್ದರೆ ಆ ಯಂತ್ರದ ಅಂಕಿಯನ್ನು ನಂಬುವಂತಿಲ್ಲ. ನನ್ನಲ್ಲಿ ತೋಳಿನ ಎರಡು ಡಿಜಿಟಲ್ ಯಂತ್ರಗಳಿವೆ, ಜೊತೆಗೆ ತಂದೆಯವರ ಕಾಲದ ಪಾದರಸದ ಉಪಕರಣವೂ ಇದೆ. ಮೂರನ್ನೂ ಒಂದರ ಪಕ್ಕ ಒಂದಿಟ್ಟು ಅಳೆದು, ಬೆಳಿಗ್ಗೆ ಸಂಜೆಯ ಲೆಕ್ಕವನ್ನು ಹಾಳೆಯಲ್ಲಿ ಬರೆದಿಡುತ್ತೇನೆ. ಮೂರರ ನಡುವಿನ ವ್ಯತ್ಯಾಸ ನಾಲ್ಕನ್ನು ದಾಟುವುದಿಲ್ಲ.

ಪಡಸಾಲೆ:
ಎದೆಯ ಮಟ್ಟಕ್ಕೆ ಹಿಡಿದೇ ಅಳೆಯುತ್ತೇನೆ, ಸ್ವಾಮಿ. ಬಳಸಲು ಬಲ್ಲವರಿಗೆ ಅದೂ ಒಳ್ಳೆಯ ಯಂತ್ರವೇ.

ಬಯಲುಸೀಮೆ:
ಯಂತ್ರದ ವಾದ ಒಂದು ಕಡೆಗಿರಲಿ, ಅಂಕಿಗಳನ್ನು ನೋಡೋಣ. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಔಷಧದ ದೊಡ್ಡ ಪ್ರಯೋಗವಾದ ಸರ್ಮೌಂಟ್-1ರಲ್ಲಿ 72 ವಾರಗಳ ಕೊನೆಗೆ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿದಿತ್ತು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಇಳಿದದ್ದು 1 ಮಾತ್ರ. ಇದೇ ಬಗೆಯ ಇನ್ನೊಂದು ತೂಕದ ಔಷಧವಾದ ಸೆಮಾಗ್ಲುಟೈಡ್‌ನ ಸ್ಟೆಪ್-1 ಪ್ರಯೋಗದಲ್ಲಿ 68 ವಾರಗಳಿಗೆ ಸುಮಾರು 6ರಷ್ಟು ಇಳಿಕೆ ಕಂಡಿತ್ತು. ಇವು ಸರಾಸರಿಗಳು, ಒಬ್ಬೊಬ್ಬರ ದೇಹ ಒಂದೊಂದು ರೀತಿ ವರ್ತಿಸುತ್ತದೆ ಎಂಬುದು ನಿಜ. ಆದರೂ 130ರಿಂದ 100ಕ್ಕೆ ಇಳಿಯಬೇಕಾದರೆ ಚುಚ್ಚುಮದ್ದಿನ ಜೊತೆಗೆ ಇನ್ನೇನೋ ಸೇರಿರಬೇಕು.

ಮಾಪನಪ್ರಿಯ:
ಆ ಇನ್ನೇನೋ ಎಂಬುದೇ ಪಟ್ಟಿ. ತೋಳಿನ ಅಳತೆ ಬಂದ ಮೇಲೆ ಎಲ್ಲರಿಗೂ ತಿಳಿಯುತ್ತದೆ.

ಔಷಧದಂಗಡಿಯಿಂದ:
ಹೇಮಾವತಿ ತೀರ ಅವರೇ, ಪಟ್ಟಿಯಿಂದ ಅಂಕಿ ತಪ್ಪಬಹುದು, ಆದರೆ ಕಣ್ಣು ಕತ್ತಲೆ ಬರುವುದಿಲ್ಲ. ನೀವು ನುಂಗುವ ಬೇರೆ ಮಾತ್ರೆಗಳ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಸಕ್ಕರೆ ಕಾಯಿಲೆ ಇದೆಯೇ? ವಾಂತಿ, ಭೇದಿ ಆಗುತ್ತಿದೆಯೇ? ದಿನಕ್ಕೆ ಎಷ್ಟು ನೀರು ಒಳಗೆ ಹೋಗುತ್ತಿದೆ?

ಹೇಮಾವತಿ ತೀರ:
ಸಕ್ಕರೆ ಕಾಯಿಲೆ ಇಲ್ಲ. ಟೆಲ್ಮಿಸಾರ್ಟನ್ 40, ಕ್ಲೋರ್ಥಾಲಿಡೋನ್ 12.5 ಸೇರಿದ ಮಾತ್ರೆಯನ್ನು ಎಷ್ಟೋ ವರ್ಷಗಳಿಂದ ಬೆಳಿಗ್ಗೆ ನುಂಗುತ್ತಿದ್ದೇನೆ. ಬಿಪಿ ಇರುವವರು ಬಿಪಿ ಮಾತ್ರೆ ನುಂಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಲ್ಲವೇ? ವಾಂತಿ ಚುಚ್ಚಿಕೊಂಡ ಮರುದಿನ ಮಾತ್ರ. ಹಸಿವೇ ಇಲ್ಲದ್ದರಿಂದ ರಾತ್ರಿ ಊಟ ಬಿಟ್ಟಿದ್ದೇನೆ, ಏಕಾದಶಿಯಂದು ಎಂದಿನಂತೆ ಉಪವಾಸ. ಬಿಪಿಗೆ ಒಳ್ಳೆಯದೆಂದು ಉಪ್ಪಿನಕಾಯಿ, ಹಪ್ಪಳ, ಮೇಲುಪ್ಪು ಎಲ್ಲವನ್ನೂ ನಿಲ್ಲಿಸಿಯಾಗಿದೆ.

ಔಷಧದಂಗಡಿಯಿಂದ:
ಕಾರಣ ಬಹುಮಟ್ಟಿಗೆ ಇಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಕ್ಲೋರ್ಥಾಲಿಡೋನ್ ಮೂತ್ರದ ಮೂಲಕ ಉಪ್ಪು ಮತ್ತು ನೀರನ್ನು ಹೊರಹಾಕುವ ಔಷಧ. ಹಿಂದಿನ ತೂಕಕ್ಕೆ, ಹಿಂದಿನ ಊಟಕ್ಕೆ ಹೊಂದುವಂತೆ ನಿಗದಿಯಾದ ಮಾತ್ರೆಯನ್ನು ನೀವು ತೂಕ ಇಳಿದ ಮೇಲೂ, ಊಟ ಅರ್ಧವಾದ ಮೇಲೂ, ವಾಂತಿಯಾದ ದಿನವೂ ಅಷ್ಟೇ ನುಂಗುತ್ತಿದ್ದೀರಿ. ನೀರು ಕಡಿಮೆಯಾದ ದೇಹದಲ್ಲಿ ಟೆಲ್ಮಿಸಾರ್ಟನ್ ಮತ್ತು ಮೂತ್ರದ ಮಾತ್ರೆ ಎರಡೂ ಸೇರಿದಾಗ ಬಿಪಿ ಮಾತ್ರವಲ್ಲ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ನನಗೆ ಹೆಚ್ಚು ಭಯವಿರುವುದು ಅದರದ್ದೇ. ಐದು ನಿಮಿಷ ಮಲಗಿ ಒಮ್ಮೆ ಅಳೆಯಿರಿ, ಎದ್ದು ನಿಂತು ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ಅಳೆಯಿರಿ, ಆಗ ಪಕ್ಕದಲ್ಲಿ ಯಾರಾದರೂ ಇರಲಿ. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಆ ಲೆಕ್ಕವನ್ನು ಹಿಡಿದುಕೊಂಡು ಮುಂದಿನ ಭೇಟಿಗೆ ಕಾಯದೆ ಬಿಪಿ ಮಾತ್ರೆ ಬರೆದ ವೈದ್ಯರ ಬಳಿಗೇ ಹೋಗಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಸೋಡಿಯಂ, ಪೊಟ್ಯಾಸಿಯಂ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಯಾವ ಮಾತ್ರೆಯನ್ನು ತಗ್ಗಿಸಬೇಕೆಂದು ಅವರೇ ನಿರ್ಧರಿಸಲಿ. ಪ್ರಜ್ಞೆ ತಪ್ಪಿದರೆ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಘಟ್ಟದ ಮೇಲೆ:
ನನ್ನದು ಇದಕ್ಕೆ ತದ್ವಿರುದ್ಧ. ತೂಕ ಇಳಿಸುವ ಔಷಧ ಶುರು ಮಾಡಿದ ಮೇಲೆ ಬಿಪಿ 150ಕ್ಕೆ ಏರಿದೆ, ಎದೆ ಡವಡವ ಎನ್ನುತ್ತದೆ. ಹಾಗಾದರೆ ನನಗೇಕೆ ಇಳಿಯಲಿಲ್ಲ?

ಬಯಲುಸೀಮೆ:
ಯಾವ ಔಷಧ? ಈ ಚುಚ್ಚುಮದ್ದುಗಳಿಂದ ನಾಡಿ ನಿಮಿಷಕ್ಕೆ ಕೆಲವು ಬಡಿತ ಹೆಚ್ಚುವುದುಂಟು, ಆದರೆ ಬಿಪಿ ಹೀಗೆ ಏರುವುದು ವಾಡಿಕೆಯಲ್ಲ.

ಘಟ್ಟದ ಮೇಲೆ:
ಚುಚ್ಚುಮದ್ದಲ್ಲ, ಆನ್‌ಲೈನಿನಲ್ಲಿ ತರಿಸಿದ ಗಿಡಮೂಲಿಕೆಯ ಕ್ಯಾಪ್ಸೂಲ್.

ಹೇಮಾವತಿ ತೀರ:
ಅಳೆದು ನೋಡಿದೆ. ಮಲಗಿದಾಗ 112/70, ನಿಂತ ಮೂರನೆಯ ನಿಮಿಷಕ್ಕೆ 88/58. ನಮ್ಮ ವೈದ್ಯರು ಲೆಕ್ಕ ನೋಡಿದ ಕೂಡಲೇ ಜೋಡಿ ಮಾತ್ರೆ ನಿಲ್ಲಿಸಿ ಟೆಲ್ಮಿಸಾರ್ಟನ್ ಒಂದನ್ನೇ ಕೊಟ್ಟಿದ್ದಾರೆ. ಕ್ರಿಯಾಟಿನಿನ್ ಸ್ವಲ್ಪ ಏರಿದೆ, ಮತ್ತೆ ಪರೀಕ್ಷಿಸಬೇಕಂತೆ. ಸದ್ಯಕ್ಕೆ ಉಪವಾಸ ಬೇಡವೆಂದಿದ್ದಾರೆ. ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಆಗಾಗ ಕುಡಿಯುತ್ತಿದ್ದೇನೆ. ಕಣ್ಣು ಕತ್ತಲೆ ಬರುವುದು ಬಹಳ ಕಡಿಮೆಯಾಗಿದೆ. ಮಾಪನಪ್ರಿಯರೇ, ತೋಳು 29 ಸೆಂಟಿಮೀಟರ್. ಸಾಮಾನ್ಯ ಪಟ್ಟಿ ಸುತ್ತಿದರೆ ಅಂಕಿ ಐದಾರು ಹೆಚ್ಚು ಬರುತ್ತದೆ, ಆದರೆ ಮಾತ್ರೆ ಬದಲಾಗುವ ಮೊದಲು ನಿಂತಾಗಿನ ಕುಸಿತ ಎರಡು ಪಟ್ಟಿಯಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಮಾಪನಪ್ರಿಯ:
ಐದಾರು ಎಂದರೆ ಸಣ್ಣದಲ್ಲ. ಪಟ್ಟಿಯ ಪಾತ್ರವೂ ಇತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಹೇಮಾವತಿ ತೀರ:
ಇತ್ತು, ಒಪ್ಪುತ್ತೇನೆ. ಈಗ 10 ಮಿಲಿಗ್ರಾಂಗೆ ಏರಿಸುವ ಸರದಿ ಬರುತ್ತಿದೆ. ಏರಿಸಬಹುದೇ?

ಔಷಧದಂಗಡಿಯಿಂದ:
ಕ್ರಿಯಾಟಿನಿನ್ ಫಲಿತಾಂಶ ಕೈಗೆ ಬರುವವರೆಗೆ ಆ ಮಾತು ಬೇಡ. ನಾಲ್ಕು ವಾರ ಎಂಬುದು ಒಂದು ಹಂತದಲ್ಲಿ ಕನಿಷ್ಠ ಇರಬೇಕಾದ ಅವಧಿ. ಅದು ಮುಗಿದ ಕೂಡಲೇ ಏರಿಸಲೇಬೇಕೆಂಬ ನಿಯಮವಿಲ್ಲ. ತೂಕ ಇಳಿಯುತ್ತಿದ್ದರೆ 7.5ರಲ್ಲಿಯೇ ಉಳಿಯಬಹುದೇ ಎಂದು ಇಬ್ಬರೂ ವೈದ್ಯರನ್ನು ಕೇಳಿ, ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿ.

ಘಟ್ಟದ ಮೇಲೆ ಅವರೇ, ಆ ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಸಿಬುಟ್ರಮಿನ್ ಎಂಬ ಹಳೆಯ ತೂಕದ ಔಷಧ ಬಿಪಿ ಮತ್ತು ನಾಡಿ ಎರಡನ್ನೂ ಏರಿಸುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡುಬಂದು 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು, 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಗಿಡಮೂಲಿಕೆ ಎಂದು ಮಾರುವ ಕ್ಯಾಪ್ಸೂಲುಗಳಲ್ಲಿ ಅದನ್ನು ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ ಇದೆಯೇ, ಒಳಗಿರುವ ಪದಾರ್ಥಗಳ ಪಟ್ಟಿಯಲ್ಲಿ ಏನೇನು ಬರೆದಿದ್ದಾರೆ? ಈಗ ನಾಡಿ ಎಷ್ಟಿದೆ?