ಟಿವಿಯ ‘ಪಂಡಿಟ್’ಗೆ ಕನ್ನಡದಲ್ಲಿ ಏನನ್ನೋಣ?

ಅಂಧೇರಿ_ಲಿಪಿ:
ಇಂಗ್ಲೆಂಡಿನ ಫುಟ್‌ಬಾಲ್ ಸಾಕ್ಷ್ಯಚಿತ್ರವೊಂದರ ಕನ್ನಡ ಸಬ್‌ಟೈಟಲ್ ನಡೀತಿದೆ. ಸ್ಟುಡಿಯೋದಲ್ಲಿ ಕೂತು ಮಾತಾಡುವ ಮಾಜಿ ಆಟಗಾರರಿಗೆ ಮೂಲದಲ್ಲಿ ‘ಪಂಡಿಟ್’ ಅಂತಿದೆ. ‘ಪಂಡಿತರು’ ಅಂದರೆ ಕುಹಕದ ಹಾಗೆ ಕೇಳುತ್ತೆ. ‘ವೀಕ್ಷಕ ವಿವರಣೆಗಾರ’ ಉದ್ದವಾಯ್ತು. ಸಾಲಿಗೆ 42 ಅಕ್ಷರದ ಮಿತಿ ಇದೆ. ನೀವು ಏನು ಹಾಕ್ತೀರಿ?

ಪುಣೆ_ಪ್ರೂಫ್:
ಉದ್ದದ ಮಾತು ಆಮೇಲೆ, ಮೊದಲಿಗೆ ಅದು ಬೇರೆಯೇ ಕೆಲಸ. ಚೆಂಡು ಯಾರ ಕಾಲಲ್ಲಿದೆ, ಪಾಸ್ ಎಲ್ಲಿಗೆ ಹೋಯಿತು ಅಂತ ಆಟದ ಜೊತೆಗೇ ಹೇಳುತ್ತಾ ಹೋಗುವವರು ವೀಕ್ಷಕ ವಿವರಣೆಗಾರರು. ಅವರ ಪಕ್ಕದಲ್ಲಿ ಕೂತು, ಆಟ ನಿಂತಾಗ, ರಿಪ್ಲೇ ಬಂದಾಗ ಮಾತು ಸೇರಿಸುವವರು ಸಹ ವಿವರಣೆಗಾರರು. ಬ್ರಿಟನ್ನಿನ ಪಂಡಿಟ್ ಹೆಚ್ಚಾಗಿ ಪಂದ್ಯಕ್ಕೆ ಮೊದಲು, ಹಾಫ್‌ಟೈಮಿನ 15 ನಿಮಿಷದಲ್ಲಿ ಮತ್ತು ಪಂದ್ಯ ಮುಗಿದ ಮೇಲೆ ಆಂಕರ್ ಕೇಳಿದ್ದಕ್ಕೆ ಉತ್ತರಿಸುವವರು. ಅಲ್ಲಿ ಅದು ಬರೀ ಹುದ್ದೆಯ ಹೆಸರು, ಚುಚ್ಚುಮಾತಲ್ಲ. ‘ವಿಶ್ಲೇಷಕ’ ಸಾಕು.

ಮರಾಠಿ ಕಡತ ಮುಂದಿಟ್ಟುಕೊಂಡು ಕನ್ನಡ ಮಾಡುತ್ತಿದ್ದರೆ ಒಂದು ಎಚ್ಚರ. ಅವರ ‘ಧಾವತೆ ಸಮಾಲೋಚನ’ ರನ್ನಿಂಗ್ ಕಾಮೆಂಟರಿ. ನಮ್ಮ ಸಮಾಲೋಚನೆ ಕೂತು ಚರ್ಚಿಸುವುದು. ‘ಗೋಲ್ ಎಂದು ಸಮಾಲೋಚಕರು ಕೂಗಿದರು’ ಅಂತ ಬರೆದರೆ ಆಪ್ತಸಲಹೆಗಾರರು ಮೈದಾನಕ್ಕೆ ನುಗ್ಗಿದ ಹಾಗಿರುತ್ತೆ.

ಮಾಟುಂಗಾ_ಬಾಳೆಎಲೆ:
ಪದವೇನೋ ಇಲ್ಲಿಂದ ಹಡಗು ಹತ್ತಿದ್ದೇ. ಬ್ರಿಟಿಷರ ಕೋರ್ಟುಗಳಲ್ಲಿ ಹಿಂದೂ ಧರ್ಮಶಾಸ್ತ್ರ ಏನನ್ನುತ್ತದೆ ಅಂತ ಹೇಳಲು ಪಂಡಿತರಿದ್ದರು. ಅಭಿಪ್ರಾಯ ಅವರದು, ತೀರ್ಪು ಜಡ್ಜಿನದು. 1864ರಲ್ಲಿ ಆ ಹುದ್ದೆ ರದ್ದಾಯಿತು. ಆದರೆ ಹೋದ ಅರ್ಥದಲ್ಲೇ ವಾಪಸ್ ತರಲು ಆಗದು. ಕನ್ನಡ ಪಂಡಿತರು ಅಂದರೆ ಮೇಷ್ಟ್ರು, ನಾಟಿ ಪಂಡಿತ ಅಂದರೆ ಬೇರು-ನಾರು ಕೊಡುವವ. ಪತ್ರಿಕೆಯಲ್ಲಿ ‘ರಾಜಕೀಯ ಪಂಡಿತರ’ ಅಂತ ಬಂತೆಂದರೆ ‘ಲೆಕ್ಕಾಚಾರ ತಲೆಕೆಳಗು’ ಅನ್ನೋದು ಹಿಂದೆಯೇ ಬರುತ್ತೆ! ಚಿತ್ರದಲ್ಲಿ ಯಾರಾದರೂ ಅವರನ್ನು ಗೇಲಿ ಮಾಡುವ ಕಡೆ ಮಾತ್ರ ‘ಪಂಡಿತರು’ ಇಡಿ, ಅಲ್ಲಿ ಚೆನ್ನಾಗಿ ಕೂರುತ್ತೆ.

ಅಂಧೇರಿ_ಲಿಪಿ:
ಕ್ಲಬ್ಬಿನಲ್ಲಿ ವಿಡಿಯೊ ನೋಡಿ ಕೋಚ್‌ಗೆ ವರದಿ ಕೊಡುವ ಅನಲಿಸ್ಟ್ ಕೂಡ ಇದೇ ಚಿತ್ರದಲ್ಲಿದ್ದಾರಲ್ಲ, ಇಬ್ಬರೂ ವಿಶ್ಲೇಷಕರಾದರೆ?

ಪುಣೆ_ಪ್ರೂಫ್:
ಅವರನ್ನು ‘ಅನಲಿಸ್ಟ್’ ಅಂತಲೇ ಬಿಡಿ. ಇವರು ಮೊದಲ ಸಲ ಬಂದಾಗ ‘ಟಿವಿ ವಿಶ್ಲೇಷಕ’, ಆಮೇಲೆ ಬರೀ ‘ವಿಶ್ಲೇಷಕ’. ಮಿತಿಯನ್ನು ಕಣ್ಣಳತೆಯಲ್ಲಿ ಎಣಿಸಬೇಡಿ. ಎಷ್ಟೋ ಸಾಫ್ಟ್‌ವೇರ್‌ಗಳು ಗುಣಿತದ ಚಿಹ್ನೆ, ಒತ್ತಕ್ಷರದೊಳಗಿನ ವಿರಾಮ (್) ಎಲ್ಲವನ್ನೂ ಬೇರೆಬೇರೆ ಎಣಿಸುತ್ತವೆ. ‘ವೀಕ್ಷಕ ವಿವರಣೆಗಾರ’ ನಮಗೆ 9 ಅಕ್ಷರ, ಅದಕ್ಕೆ ಖಾಲಿ ಜಾಗವೂ ಸೇರಿ 16. ‘ವಿಶ್ಲೇಷಕ’ ನಮಗೆ 4, ಅದಕ್ಕೆ 8.