ಪದಚರ್ಚೆ: ‘ಸ್ಮೈಟ್’ ಆಟದ ‘ಗಾಡ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

‘ಸ್ಮೈಟ್’ ಎಂಬ ಆನ್‌ಲೈನ್ ಕಾಳಗದ ಆಟಕ್ಕೆ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಆಡುವವನು ನನ್ನ ಅಕ್ಕನ ಮಗ, ಬರೆಯುವವಳು ನಾನು. ಅವನೂ ಅವನ ಗೆಳೆಯರೂ ಹೆಡ್‌ಫೋನ್ ಹಾಕಿಕೊಂಡು ಆಡುವಾಗ ಮಾತೆಲ್ಲ ಕನ್ನಡವೇ. ಆದರೆ ಹೆಸರುಪದಗಳು ಇಂಗ್ಲಿಷಿನವು. ‘ಟವರ್ ಹತ್ರ ಹೋಗ್ಬೇಡ್ವೋ, ಅಲ್ಟಿ ಹಾಕು, ಮಿಡ್‌ಗೆ ಬಾ’ ಅನ್ನುವ ಕನ್ನಡ ಅದು (‘ಅಲ್ಟಿ’ ಎಂದರೆ ಒಬ್ಬೊಬ್ಬರಿಗೂ ಇರುವ ಕೊನೆಯ ದೊಡ್ಡ ಅಸ್ತ್ರ, ‘ಮಿಡ್’ ಎಂದರೆ ನಡುವಿನ ದಾರಿ). ಆ ಮಾತನ್ನು ತಿದ್ದುವ ಆಸೆ ನನಗಿಲ್ಲ. ಬರಹದಲ್ಲಿ ಮಾತ್ರ, ಆಟವನ್ನೇ ಕಾಣದ ಓದುಗರಿಗೂ ತಿಳಿಯುವ ಪದಗಳು ಬೇಕು. ಕೆಲವನ್ನು ಗೊತ್ತುಮಾಡಿಕೊಂಡಿದ್ದೇನೆ, ಕೆಲವಕ್ಕೆ ನಿಮ್ಮ ನೆರವು ಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಹೈ-ರೆಜ್ ಸ್ಟುಡಿಯೋಸ್ ಇದನ್ನು 2014ರ ಮಾರ್ಚಿನಲ್ಲಿ ಬಿಡುಗಡೆ ಮಾಡಿತು. ಈ ಬಗೆಯ ಬೇರೆ ಆಟಗಳಲ್ಲಿ ರಣರಂಗವನ್ನು ಮೇಲಿನಿಂದ ನೋಡುತ್ತೇವೆ. ಇಲ್ಲಿ ಹಾಗಲ್ಲ, ನಾವು ಆಡಿಸುವವನ ಬೆನ್ನ ಹಿಂದೆಯೇ ಇರುತ್ತೇವೆ. ಆಡಿಸುವುದು ಲೋಕದ ನಾನಾ ಪುರಾಣಗಳಿಂದ ಬಂದವರನ್ನು. ಗ್ರೀಕರ ಜ್ಯೂಸ್, ನಾರ್ಸ್ ಜನರ ಥಾರ್, ಈಜಿಪ್ಟಿನ ಅನೂಬಿಸ್, ಜೊತೆಗೆ ನಮ್ಮ ಅಗ್ನಿ, ರಾಮ, ಗಣೇಶ, ಕಾಳಿ, ವಾಮನ, ರಾವಣ, ಕುಂಭಕರ್ಣ, ಬಕಾಸುರ. ಇವರೆಲ್ಲರಿಗೂ ಆಟದಲ್ಲಿ ಒಂದೇ ಹೆಸರು: ‘ಗಾಡ್’.

ನನ್ನ ಮೊದಲ ತೊಡಕು ಇದೇ. ಇಂಗ್ಲಿಷಿನಲ್ಲಿ ಸಣ್ಣಕ್ಷರದ ‘ಗಾಡ್’ ಅಂದರೆ ಯಾವುದೋ ಒಂದು ಪುರಾಣದ ವ್ಯಕ್ತಿ ಎಂದು ನಡೆದುಹೋಗುತ್ತದೆ. ಕನ್ನಡದಲ್ಲಿ ‘ಬಕಾಸುರ ದೇವರು’ ಅನ್ನಲು ಯಾರಿಗೆ ನಾಲಿಗೆ ಏಳುತ್ತದೆ? ‘ದೇವತೆ’ ಅಂದರೂ ಅದೇ ಪಾಡು. ಏಕಚಕ್ರನಗರದ ಬಂಡಿ ಅನ್ನ ತಿಂದವನು ಇಲ್ಲಿಯೂ ತಿನ್ನುವವನೇ. ಎದುರಿಗೆ ಬಂದ ಕಾಲಾಳನ್ನು ಹಿಡಿದು ನುಂಗುತ್ತಾನೆ, ಕೊನೆಯ ಅಸ್ತ್ರವಾಗಿ ನುಂಗಿದ್ದನ್ನೇ ಕಾರಿ ಎದುರಾಳಿಯ ಮೇಲೆ ಬಿಡುತ್ತಾನೆ. ಕುಂಭಕರ್ಣನಂತೂ ಮನಸ್ಸಿಟ್ಟು ಮಾಡಿದ ಚಿತ್ರಣ: ಅವನು ಬಾಯ್ತುಂಬ ಆಕಳಿಸಿದರೆ ಎದುರಿದ್ದವರು ಮಂಪರು ಹಿಡಿದು ನಿಲ್ಲುತ್ತಾರೆ, ಸಾಯುವ ಪೆಟ್ಟು ಬಿದ್ದರೆ ಒಂದು ನಿದ್ದೆ ತೆಗೆದು ಮತ್ತೆ ಏಳುತ್ತಾನೆ. ಕಥೆ ಬಲ್ಲವರು ಮಾಡಿದ ಕೆಲಸ ಇದು. ಆದರೂ ಇಬ್ಬರೂ ‘ದೇವರು’ ಅಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಆಟವೆಂದ ಮೇಲೆ ಹೊಡೆತ, ಸಾವು ಇದ್ದದ್ದೇ. ‘ಗಣೇಶ ಸತ್ತ’ ಎಂದು ಹುಡುಗರು ಅನ್ನುವಾಗ ಒಳಗೆ ಕೂತ ನಮ್ಮಮ್ಮನಿಗೆ ಕಸಿವಿಸಿಯಾಗುತ್ತದೆ. ಅದು ಬರೀ ಹಳೆಯ ಕಾಲದವರ ಮಡಿವಂತಿಕೆ ಅಲ್ಲ. 2012ರಲ್ಲೇ, ಆಟ ಇನ್ನೂ ಪ್ರಯೋಗದ ಹಂತದಲ್ಲಿದ್ದಾಗ, ಅಮೆರಿಕದ ಹಿಂದೂ ಮುಖಂಡ ರಾಜನ್ ಜೇಡ್ ಇದರಲ್ಲಿ ಕಾಳಿಯನ್ನು ತೋರಿಸಿದ ಬಗೆಯನ್ನು ಬಹಿರಂಗವಾಗಿ ವಿರೋಧಿಸಿದ್ದರು. ಆಟ ಬೇಡವೆನ್ನುವುದು ನನ್ನ ನಿಲುವಲ್ಲ. ಆದರೆ ನಾವು ಆರಿಸುವ ಪದ ಆ ಕಸಿವಿಸಿಯನ್ನು ಹೆಚ್ಚಿಸಬಾರದು. ಅದನ್ನು ಕಳೆಯುವ ದಾರಿ ನುಡಿಯಲ್ಲೇ ಇದ್ದರೆ ಹಿಡಿಯಬೇಕು.

‘ಅವತಾರ’ ಎಂದು ಒಬ್ಬರು ಸೂಚಿಸಿದರು. ರಾಮ ಮತ್ತು ವಾಮನ ಇಬ್ಬರೂ ನಿಜಕ್ಕೂ ಅವತಾರಗಳೇ ಆಗಿರುವ ಆಟದಲ್ಲಿ ಆ ಪದವನ್ನು ರಾವಣನಿಗೂ ಹಚ್ಚಿದರೆ ಗೊಂದಲವಾಗುತ್ತದೆ. ‘ಪಾತ್ರ’ ಸರಿಹೊಂದುತ್ತಿತ್ತು. ಆದರೆ ಕನ್ನಡದಲ್ಲಿ ‘ಕ್ಯಾರೆಕ್ಟರ್’ ಕೂಡ ಪಾತ್ರ, ‘ರೋಲ್’ ಕೂಡ ಪಾತ್ರ. ಈ ಆಟದಲ್ಲಿ ಇವೆರಡೂ ಬೇರೆ ಬೇರೆ. ‘ಈ ಪಾತ್ರಕ್ಕೆ ಯಾವ ಪಾತ್ರ ಒಳ್ಳೆಯದು’ ಎಂದು ಬರೆಯಬೇಕಾಗಿ ಬಂದಾಗ ಅದನ್ನು ಕೈಬಿಟ್ಟೆ.

ನಾನು ಒಲಿದಿರುವ ಪದ ‘ವೇಷ’. ಯಕ್ಷಗಾನದಲ್ಲಿ ‘ಇವತ್ತು ಯಾವ ವೇಷ?’ ಎಂದು ಕೇಳುವ ಹಾಗೆ ‘ನೀನು ಯಾವ ವೇಷ ತಗೊಳ್ತೀಯ?’ ಎಂದು ಕೇಳಬಹುದು. ದೇವರದೂ ವೇಷ, ರಕ್ಕಸನದೂ ವೇಷ. ಮುಖ್ಯವಾಗಿ, ರಂಗದಲ್ಲಿ ಇರುವವನು ಆಡುವವನು, ದೇವರಲ್ಲ ಎಂಬ ತಿಳಿವು ಆ ಪದದ ಒಳಗೇ ಇದೆ. ಕರಾವಳಿಯ ಪದವನ್ನು ಎಲ್ಲರ ಮೇಲೆ ಹೇರಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ಬರಬಹುದು. ಬಯಲುಸೀಮೆಯಲ್ಲಿ ಹಗಲುವೇಷದವರು ಊರೂರು ತಿರುಗಿ ರಾಮಾಯಣ ಆಡಿದ್ದಾರೆ, ಹುಲಿವೇಷ ಎಲ್ಲರಿಗೂ ಗೊತ್ತು. ‘ಏನಿದು ನಿನ್ನ ವೇಷ’ ಎಂದು ಬೈಯುವ ಅರ್ಥವೂ ಇದೆ ನಿಜ, ಆದರೆ ಸಂದರ್ಭ ಅದನ್ನು ದೂರವಿಡುತ್ತದೆ ಅನ್ನಿಸುತ್ತದೆ.

ವೇಷವನ್ನು ಒಪ್ಪಿದರೆ ಉಳಿದ ಕೆಲವು ಪದಗಳು ತಾವಾಗಿ ಬಂದು ಕೂರುತ್ತವೆ. ಹೊಡೆತ ತಿಂದು ಬಿದ್ದವನು ತನ್ನ ಪಕ್ಷದ ಬಿಡಾರದಲ್ಲಿ ಸ್ವಲ್ಪ ಹೊತ್ತು ಕಾದು ಮತ್ತೆ ಕಣಕ್ಕೆ ಬರುತ್ತಾನಲ್ಲ, ಆ ಬಿಡಾರಕ್ಕೆ ‘ಚೌಕಿ’ ಅನ್ನೋಣ ಎಂದಿದ್ದೇನೆ. ಯಕ್ಷಗಾನದಲ್ಲಿ ವೇಷ ಕಟ್ಟುವ, ಕಳಚುವ, ದಣಿವಾರಿಸಿಕೊಳ್ಳುವ ಜಾಗ ಅದು. ಆಟಕ್ಕೆ ಮುನ್ನ ಗಣಪತಿಗೆ ಪೂಜೆ ಆಗುವುದೂ ಅಲ್ಲೇ. ಹಾಗಾಗಿ ‘ಗಣೇಶ ಸತ್ತ’ ಎಂಬಲ್ಲಿ ‘ಗಣೇಶ ಚೌಕಿಗೆ ಹೋದ’ ಅನ್ನಬಹುದು. ಇದನ್ನು ಹುಡುಗರ ಮುಂದೆ ಹೇಳಿದಾಗ ಅವರು ಆಟದ ನಡುವೆಯೇ ಬಳಸತೊಡಗಿದರು, ಒತ್ತಾಯ ಮಾಡಬೇಕಾಗಲಿಲ್ಲ. ಅಮ್ಮನೂ ಸುಮ್ಮನಾದರು.

‘ಸ್ಕಿನ್’ಗೆ ಮಾತ್ರ ವೇಷ ಬಳಸುವಂತಿಲ್ಲ. ಅದೇ ವ್ಯಕ್ತಿ, ಅದೇ ಶಕ್ತಿ, ಹೊರನೋಟ ಮಾತ್ರ ಬೇರೆ. ಇದಕ್ಕೆ ‘ಅಲಂಕಾರ’ಕ್ಕಿಂತ ಒಪ್ಪುವ ಪದ ನನಗೆ ಕಾಣಲಿಲ್ಲ. ಹನುಮನಿಗೆ ಒಂದು ದಿನ ಬೆಣ್ಣೆ ಅಲಂಕಾರ, ಇನ್ನೊಂದು ದಿನ ವೀಳ್ಯದೆಲೆ ಅಲಂಕಾರ, ಹನುಮ ಬದಲಾಗುವುದಿಲ್ಲ. ‘ಕಾಳಿಗೆ ಹೊಸ ಅಲಂಕಾರ ಬಂದಿದೆ’ ಎಂಬ ವಾಕ್ಯ ಎಲ್ಲಿಯೂ ಎಡವುವುದಿಲ್ಲ. ಹಾಗೆಯೇ ‘ಪ್ಯಾಂಥಿಯನ್’ಗೆ, ಅಂದರೆ ಒಂದೊಂದು ಪುರಾಣದವರ ಗುಂಪಿಗೆ, ‘ಗಣ’. ದೇವಗಣ, ರಾಕ್ಷಸಗಣ, ಭೂತಗಣ ಎಲ್ಲವನ್ನೂ ಒಳಗೊಳ್ಳುವ ಪದವಾದ್ದರಿಂದ ಗ್ರೀಕ್ ಗಣ, ಮಾಯಾ ಗಣ, ಹಿಂದೂ ಗಣ ಅನ್ನಲು ಅಡ್ಡಿಯಿಲ್ಲ.

ಈಗ ವೇಷಗಳ ವಿಂಗಡಣೆ. ಆಟ ಐದು ವರ್ಗ ಮಾಡುತ್ತದೆ: ಮೇಜ್, ಗಾರ್ಡಿಯನ್, ಹಂಟರ್, ಅಸ್ಯಾಸಿನ್, ವಾರಿಯರ್. ನಿಘಂಟು ತೆರೆದರೆ ಮಾಂತ್ರಿಕ, ಪೋಷಕ, ಬೇಟೆಗಾರ, ಹಂತಕ, ಯೋಧ ಎಂದು ಐದೂ ಸಿಗುತ್ತವೆ. ಐದರಲ್ಲಿ ಒಂದೂ ನನಗೆ ಹಿಡಿಸಲಿಲ್ಲ.

ಅಗ್ನಿಯನ್ನು ‘ಮಾಂತ್ರಿಕ’ ಎನ್ನುವುದು ತಲೆಕೆಳಗು. ಮಂತ್ರ ಹೇಳುವವರು ನಾವು, ಅದನ್ನು ಕೇಳಿ ಹವಿಸ್ಸು ಒಯ್ಯುವವನು ಅವನು. ಮೇಲಾಗಿ ನಮ್ಮ ಊರುಗಳಲ್ಲಿ ಮಾಂತ್ರಿಕನೆಂದರೆ ತಾಯಿತ ಕಟ್ಟುವವನು. ‘ಪೋಷಕ’ ಎಂದರೆ ಶಾಲೆಯ ಸಭೆಗೆ ಬರುವವರು. ಆಟದ ಗಾರ್ಡಿಯನ್ ಮಾಡುವುದು ಜೊತೆಗಾರನ ಮುಂದೆ ನಿಂತು ಪೆಟ್ಟು ತಡೆಯುವ ಕೆಲಸ, ಅದಕ್ಕೆ ‘ಬೆಂಗಾವಲು’ ಸರಿ. ಗಣೇಶ ಇದೇ ವರ್ಗದವನು. ತಾಯಿಯ ಬಾಗಿಲು ಕಾದವನಿಗೆ ತಕ್ಕ ಜಾಗ. ಅವನ ಒಂದು ಗುಣ ನನಗೆ ಬಹಳ ಇಷ್ಟ: ಹತ್ತಿರದಲ್ಲಿ ಜೊತೆಗಾರನಿದ್ದಾಗ ಗಣೇಶನೇ ಎದುರಾಳಿಯನ್ನು ಉರುಳಿಸಿದರೂ ಗೆಲುವಿನ ಲೆಕ್ಕ ಜೊತೆಗಾರನಿಗೇ ಸೇರುತ್ತದೆ.

ಹಂಟರ್‌ಗೆ ‘ಬೇಟೆಗಾರ’ ಅನ್ನಲು ಆಗದಿರುವುದಕ್ಕೆ ಕಾರಣ ಬೇರೆ. ಕಾಡಿನಲ್ಲಿ ತಿರುಗುತ್ತ ಮೃಗಗಳನ್ನು ಕೊಂದು ಹೊನ್ನು ಗಳಿಸುವ ಇನ್ನೊಂದು ಹೊಣೆ ಆಟದಲ್ಲಿದೆ, ನಿಜವಾದ ಬೇಟೆಗಾರ ಅವನೇ. ಹಂಟರ್ ಎಂಬವನು ದೂರದಿಂದ ಬಾಣವನ್ನೋ ಈಟಿಯನ್ನೋ ಬಿಡುವವನು. ರಾಮ, ಗ್ರೀಕರ ಆರ್ಟೆಮಿಸ್, ಚೀನಾದ ಹೋ ಯಿ ಬಿಲ್ಲು ಹಿಡಿದವರು, ಈಜಿಪ್ಟಿನ ಅನ್ಹುರ್ ಈಟಿಯವನು. ಹಾಗಾಗಿ ‘ಬಿಲ್ಲಾಳು’ ಪೂರ್ತಿ ಹೊಂದುವುದಿಲ್ಲ. ಹಳಗನ್ನಡದ ‘ಎಸು’ ಇದೆ, ಬಾಣ ಬಿಡು ಎಂಬ ಅರ್ಥದ್ದು. ‘ಎಚ್ಚನು’ ಎಂದು ಕಾವ್ಯಗಳಲ್ಲಿ ಓದಿದ್ದೇವೆ. ಅದರಿಂದ ‘ಎಸುಗಾರ’ ಎಂದು ಮಾಡಿದರೆ ಹೇಗೆ? ಇಂದಿನ ಕಿವಿಗೆ ‘ಎಸೆ’ಯ ಹತ್ತಿರವೇ ಕೇಳುತ್ತದೆ, ಅರ್ಥ ಕೆಡುವುದಿಲ್ಲ.

ಅಸ್ಯಾಸಿನ್‌ಗೆ ‘ಹೊಂಚುಗಾರ’. ಹಂತಕ ಎಂಬುದು ಪತ್ರಿಕೆಯ ಅಪರಾಧ ಸುದ್ದಿಯ ಪದವಾಗಿಬಿಟ್ಟಿದೆ. ವಾರಿಯರ್‌ಗೆ ‘ಬಂಟ’ ಎಂದಿದ್ದೆ, ಕರಾವಳಿಯಲ್ಲಿ ಅದು ಸಮುದಾಯದ ಹೆಸರು, ಬೇಡ. ‘ಯೋಧ’ ಇಂದು ಸೇನೆಯ ಸೈನಿಕನಿಗೆ ಮೀಸಲು. ‘ಕಟ್ಟಾಳು’ ಇಟ್ಟಿದ್ದೇನೆ. ರಾವಣ, ಮತ್ತೆ ಕೊಡೆ ಬೀಸಿ ಹೊಡೆಯುತ್ತ ಅಲ್ಟಿ ಒತ್ತಿದೊಡನೆ ತ್ರಿವಿಕ್ರಮನಾಗಿ ಬೆಳೆಯುವ ವಾಮನ, ಇಬ್ಬರೂ ಇದರಲ್ಲಿ ಬರುತ್ತಾರೆ.

ಮೇಜ್‌ಗೆ ಪದ ಹುಡುಕುವಾಗ ಸಿಕ್ಕಿದ್ದು ‘ಅಸ್ತ್ರ’ ಮತ್ತು ‘ಶಸ್ತ್ರ’ದ ಜೋಡಿ. ಆಟದಲ್ಲಿ ಪೆಟ್ಟು ಎರಡು ಬಗೆ, ಮೈಬಲದ್ದು ಮತ್ತು ಮಾಯೆಯದ್ದು. ಎರಡಕ್ಕೂ ಬೇರೆ ಬೇರೆ ಕವಚ ಬೇಕು. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಮಂತ್ರಿಸಿ ಬಿಡುವುದು ಅಸ್ತ್ರ ಎಂಬ ನಮ್ಮ ಭೇದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಶಸ್ತ್ರಬಲ, ಅಸ್ತ್ರಬಲ; ಮೇಜ್ ಎಂದರೆ ‘ಅಸ್ತ್ರಿಗ’. ಒಂದೇ ಅಡ್ಡಿ ರಾಮನದು. ಬಾಣ ಬಿಡುವವನನ್ನು ಆಟ ಮೈಬಲದ ಕಡೆ ಹಾಕಿದೆ, ನಮ್ಮ ಲೆಕ್ಕದಲ್ಲಿ ಅವನು ಅಸ್ತ್ರ ಬಲ್ಲವರಲ್ಲಿ ಮೊದಲಿಗ. ಮಂತ್ರವಿಲ್ಲದ ಬರಿಯ ಬಾಣವನ್ನು ಶಸ್ತ್ರದ ಲೆಕ್ಕಕ್ಕೆ ತರಬಹುದೇ? ಸಂಸ್ಕೃತ ಬಲ್ಲವರು ದಯವಿಟ್ಟು ಹೇಳಿ. 2024ರಲ್ಲಿ ಪರೀಕ್ಷೆಗೆ ತೆರೆದ ‘ಸ್ಮೈಟ್ 2’ರಲ್ಲಿ ಈ ಜೋಡಿ ‘ಬಲ’ ಮತ್ತು ‘ಬುದ್ಧಿ’ ಎಂದಾಗಿದೆ. ಅಲ್ಲಿಗೆ ಅನುವಾದ ಸುಲಭ.

ಕಣದ ಹೊಣೆಗಳಿಗೆ, ಅಂದರೆ ‘ರೋಲ್’ಗಳಿಗೆ ಬಂದರೆ, ಅವು ಬಹುಪಾಲು ಜಾಗದ ಹೆಸರುಗಳೇ. ದೊಡ್ಡ ಕಾಳಗದಲ್ಲಿ ಮೂರು ದಾರಿ, ನಡುನಡುವೆ ಕಾಡು. ದಾರಿಗೆ ‘ಓಣಿ’ ಎಂದಿದ್ದೇನೆ. ಧಾರವಾಡದವರಿಗೆ ಅದು ಮನೆಯಿರುವ ಬೀದಿ, ಕರಾವಳಿಯವರಿಗೆ ಎರಡು ದರೆಗಳ ನಡುವಿನ ಇಕ್ಕಟ್ಟು ಹಾದಿ, ಎರಡೂ ಇಲ್ಲಿಗೆ ಸಲ್ಲುತ್ತವೆ. ಒಂಟಿ ಓಣಿ, ನಡು ಓಣಿ, ಜೋಡಿ ಓಣಿ, ಕಾಡು. ಕಾಡಿನವನು ಓಣಿಯಲ್ಲಿರುವ ಎದುರಾಳಿಯ ಮೇಲೆ ಬಂದು ಬೀಳುವುದು ‘ಹೊಂಚುದಾಳಿ’.

ಆಟದ ಮೋಡ್‌ಗಳಿಗೆ ‘ಪ್ರಸಂಗ’ ಅನ್ನುವ ಆಸೆ ಇತ್ತು. ಆದರೆ ಪ್ರಸಂಗದಲ್ಲಿ ಯಾರು ಬರುತ್ತಾರೆ, ಯಾರು ಗೆಲ್ಲುತ್ತಾರೆ ಎಂಬುದು ಮೊದಲೇ ಗೊತ್ತು. ಇಲ್ಲಿ ಕುಂಭಕರ್ಣನೇ ರಾಮನ ಬೆಂಗಾವಲಾಗಬಹುದು. ಅದಕ್ಕೇ ಪ್ರಸಂಗಗಳ ಹೆಸರಿನ ಬಾಲವಾದ ‘ಕಾಳಗ’ವನ್ನು ಉಳಿಸಿಕೊಂಡೆ. ಮೂರು ಓಣಿಗಳ ದೊಡ್ಡ ಕಾಳಗವಾದ ಕಾಂಕ್ವೆಸ್ಟ್ ‘ಕೋಟೆ ಕಾಳಗ’. ಅರೀನಾ ‘ಕಣಕಾಳಗ’: ಓಣಿ ಇಲ್ಲ, ಐದೈದು ಜನ ಬಯಲಲ್ಲಿ ಬಡಿದಾಡುತ್ತಾರೆ, ಎರಡೂ ಪಕ್ಷಕ್ಕೆ 500 ಅಂಕ, ಯಾರದು ಮೊದಲು ಸೊನ್ನೆಗೆ ಇಳಿಯುವುದೋ ಅವರು ಸೋತರು. ಅಸಾಲ್ಟ್‌ನಲ್ಲಿ ವೇಷ ನಮ್ಮ ಆಯ್ಕೆಯಲ್ಲ, ಬಂದದ್ದನ್ನು ಆಡಬೇಕು, ಆದ್ದರಿಂದ ‘ಚೀಟಿ ಕಾಳಗ’. ಸೀಜ್ ಎಂದರೆ ‘ಮುತ್ತಿಗೆ’, ಚರ್ಚೆಯೇ ಬೇಡ. ಜೌಸ್ಟ್ ಯೂರೋಪಿನ ಕುದುರೆಯಾಳುಗಳ ಭರ್ಜಿಯಾಟದ ಹೆಸರು. ಇಲ್ಲಿ ಅಂಥ ಭರ್ಜಿಯಾಟವೇನೂ ಇಲ್ಲ, ಒಂದೇ ಓಣಿಯಲ್ಲಿ ಮೂವರು ಮೂವರು. ‘ಮುಮ್ಮೂರು ಕಾಳಗ’ ಎಂದು ಇದ್ದುದನ್ನು ಇದ್ದಂತೆ ಹೇಳಿದ್ದೇನೆ. ಒಬ್ಬರಿಗೊಬ್ಬರ ಡ್ಯುಯೆಲ್‌ಗೆ ‘ಜೋಡಿ ಕಾಳಗ’. ಇದರ ಜೊತೆಗೇ ಸಿಕ್ಕಿದ್ದು ಮೈಸೂರಿನವರ ಒಂದು ಮಾತು. ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ಮೈಕಟ್ಟು, ತೂಕ ನೋಡಿ ಸರಿಸಮ ಎದುರಾಳಿಯನ್ನು ಗೊತ್ತುಮಾಡುವುದಕ್ಕೆ ‘ಜೋಡಿ ಕಟ್ಟುವುದು’ ಎನ್ನುತ್ತಾರೆ. ಆಟದ ಸರ್ವರ್ ಮಾಡುವ ಮ್ಯಾಚ್‌ಮೇಕಿಂಗ್ ಕೆಲಸ ಅಕ್ಷರಶಃ ಅದೇ. ‘ಜೋಡಿ ಕಟ್ಟುತ್ತಿದೆ, ಕಾಯಿರಿ’ ಎಂದು ಪರದೆಯ ಮೇಲೆ ಬಂದರೆ ಎಷ್ಟು ಚೆಂದ!

ಟವರ್ ಬಗ್ಗೆ ಒಂದು ಮಾತು. ‘ಗೋಪುರ’ ಎಂದವರು ಹೆಚ್ಚು. ಗೋಪುರ ದೇವಸ್ಥಾನದ್ದು, ಅದಕ್ಕೆ ಕೈಮುಗಿಯುತ್ತೇವೆ. ಆಟದ ಟವರ್ ಹತ್ತಿರ ಹೋದವರಿಗೆ ಗುಂಡು ಹಾರಿಸುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ, ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಉಳಿದಿರುವ ‘ಬತೇರಿ’ಯೇ ಇದಕ್ಕೆ ತಕ್ಕದ್ದು, ಮೂಲದಲ್ಲಿ ತೋಪು ಇಡುವ ಜಾಗದ ಹೆಸರು. ಅದರ ಹಿಂದಿರುವ ಫೀನಿಕ್ಸ್ ಫೀನಿಕ್ಸೇ ಇರಲಿ. ಗಂಡಭೇರುಂಡ ಎಂದರೆ ಬೂದಿಯಿಂದ ಏಳುವ ಅರ್ಥ ಹೋಗುತ್ತದೆ. ಕೊನೆಯಲ್ಲಿ ಕಾದಿರುವ ಟೈಟನ್‌ಗೆ ‘ದೈತ್ಯ’. ದೇವತೆಗಳಿಗಿಂತ ಹಿರಿಯರಾಗಿದ್ದು ಅವರೊಡನೆ ಕಾದಿ ಸೋತ ದಾಯಾದಿಗಳು ಗ್ರೀಕರಲ್ಲೂ ನಮ್ಮಲ್ಲೂ ಇದ್ದಾರೆ.

ಇನ್ನು ನಿಮ್ಮಿಂದ ಬೇಕಾದದ್ದು. ಬಯಲಾಟ, ದೊಡ್ಡಾಟ, ಮೂಡಲಪಾಯ ಬಲ್ಲವರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ತಮ್ಮ ಕಡೆ ಏನೆನ್ನುತ್ತಾರೆ ಎಂದು ತಿಳಿಸಿ. ‘ಚೌಕಿ’ ಎಂದರೆ ಪೊಲೀಸ್ ಚೌಕಿ ಮಾತ್ರ ನೆನಪಾಗುವ ಕಡೆ ನಿಮ್ಮ ಆ ಪದವನ್ನು ಬಳಸಬಹುದು. ಎರಡನೆಯದು, ‘ಕ್ಯಾರಿ’. ಜೋಡಿ ಓಣಿಯಲ್ಲಿ ಬೆಂಗಾವಲಿನ ಜೊತೆ ಇರುವ ಎಸುಗಾರ ಇವನು: ಮೊದಮೊದಲು ಒಂದು ಪೆಟ್ಟಿಗೆ ಬೀಳುವಷ್ಟು ಮೆತ್ತಗೆ, ಹೊನ್ನು ಸೇರುತ್ತ ಹೋದಂತೆ ಬಲಿತು, ಕಡೆಗೆ ಇಡೀ ಪಕ್ಷದ ಗೆಲುವು ಅವನ ಮೇಲೆ ನಿಲ್ಲುತ್ತದೆ. ‘ಹೊರುವವನು’ ಎಂದರೆ ಹಮಾಲಿಯಾಗುತ್ತಾನೆ. ಹುಡುಗರು ಅವನ ಬಗ್ಗೆ ‘ಇನ್ನೂ ಬಲಿತಿಲ್ಲ, ತಡೀರಿ’ ಅನ್ನುತ್ತಾರೆ, ಕ್ರಿಯಾಪದ ಸೊಗಸಾಗಿದೆ, ಆದರೆ ಅದರಿಂದ ಹೆಸರುಪದ ಮಾಡಹೋದರೆ ‘ಬಲಿ’ಗೆ ತಗಲಿಕೊಳ್ಳುತ್ತದೆ. ಪದ ಸಿಗುವ ತನಕ ಕೈಪಿಡಿಯಲ್ಲಿ ‘ಕ್ಯಾರಿ’ ಎಂದೇ ಇರುತ್ತದೆ.